ಲೇಹ್‌ನಲ್ಲಿ ಪೆಟ್ಟಾದರೆ ಏರ್ ಆಂಬ್ಯುಲೆನ್ಸ್ ಮಾಡಿಸುವುದು ಹೇಗೆ?

ಲಡಾಖ್ ಟ್ರಿಪ್‌ನಲ್ಲಿ ಮನೆಯವರೊಬ್ಬರು ಬೈಕಿನಿಂದ ಬಿದ್ದರೆ ಮೊದಲು 112ಕ್ಕೆ ಫೋನ್ ಮಾಡಿ, ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆಗೆ ಸೇರಿಸಿ. ವಿಮಾನದ ಮಾತು ಆಮೇಲೆ. ಇನ್ಶೂರೆನ್ಸ್ ಇದ್ದರೆ ಬುಕ್ ಮಾಡುವ ಮೊದಲೇ ಅವರ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ, ಇಲ್ಲಾಂದ್ರೆ ಲಕ್ಷಗಟ್ಟಲೆ ಬಿಲ್ಲು ನಿಮ್ಮ ತಲೆಗೇ ಬರಬಹುದು. ಡಾಕ್ಟರ ಹತ್ತಿರ 'ಫಿಟ್ ಟು ಫ್ಲೈ' (ವಿಮಾನದಲ್ಲಿ ಕರೆದೊಯ್ಯಬಹುದು ಅನ್ನುವ) ಪತ್ರ ಬರೆಸಿಕೊಳ್ಳಿ. ಎದೆಗೆ ಪೆಟ್ಟಾಗಿದ್ದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿದೆಯಾ ಅಂತ ಕೇಳಲೇಬೇಕು, ಯಾಕಂದ್ರೆ ವಿಮಾನ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಆ ಗಾಳಿ ಹಿಗ್ಗುತ್ತದೆ, ಉಸಿರಾಟಕ್ಕೇ ಕುತ್ತು ಬರಬಹುದು. ಬೆಂಗಳೂರಿಗೆ ಕರೆತರುವುದಾದರೆ ಅಲ್ಲಿನ ಆಸ್ಪತ್ರೆಯಲ್ಲಿ ಬೆಡ್ ಖಾತ್ರಿಯಾಗದೆ ಹೊರಡಬೇಡಿ. ದರ ಕೇಳುವಾಗ ಎರಡೂ ಊರಲ್ಲಿ ಆಸ್ಪತ್ರೆಗೂ ಏರ್‌ಪೋರ್ಟಿಗೂ ನಡುವೆ ಓಡುವ ಆಂಬ್ಯುಲೆನ್ಸ್ ಸೇರಿದೆಯಾ ನೋಡಿ. ಜೀವಕ್ಕೆ ಅಪಾಯ ಇಲ್ಲದಿದ್ದರೆ ಮಾಮೂಲಿ ವಿಮಾನದಲ್ಲೇ ಸ್ಟ್ರೆಚರ್ ಸಿಗುತ್ತಾ ವಿಚಾರಿಸಿ, ಖರ್ಚು ಎಷ್ಟೋ ಕಡಿಮೆ. ಲೇಹ್‌ನಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರು, ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹಾರುತ್ತವೆ. ಹಾಗಾಗಿ ಕಾಗದಪತ್ರ ಹಿಂದಿನ ರಾತ್ರಿಯೇ ರೆಡಿ ಇರಲಿ.