ನನ್ನ ಕಣ್ಣೊಳಗೇ ಟೋರಿಕ್ ಲೆನ್ಸ್ ಹಾಕಿಸಿಕೊಂಡದ್ದು

ನಾನು ಆಪ್ಟೊಮೆಟ್ರಿಸ್ಟ್. ಬೇರೆಯವರ ಕಣ್ಣಿನ ಪವರ್ ನೋಡುವುದು, ಆಪರೇಷನ್‌ಗೆ ಮುಂಚೆ ಕಣ್ಣಿನ ಅಳತೆ ತೆಗೆಯುವುದು ನನ್ನ ಕೆಲಸ. ನನ್ನದೇ ಬಲಗಣ್ಣಿನ ಪವರ್ ಮೈನಸ್ 10.5, ಜೊತೆಗೆ ಸಿಲಿಂಡರ್ (ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರದ ದೋಷ) 2.25 ಇತ್ತು. ಎಡಗಣ್ಣಿನದು ಇನ್ನೂ ಸ್ವಲ್ಪ ಜಾಸ್ತಿ. ಶಾಲೆಯಲ್ಲಿ ನನ್ನ ಹೆಸರೇ ಸೋಡಾಬುಡ್ಡಿ. ವರ್ಷಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದೆ, ಆಮೇಲೆ ಕಣ್ಣು ಒಣಗಿ ಉರಿಯಲು ಶುರುವಾಯಿತು. ದಪ್ಪ ಕನ್ನಡಕ ಹಾಕಿಕೊಂಡು ದಿನವಿಡೀ ಕಣ್ಣು ಪರೀಕ್ಷಿಸುವ ಮೈಕ್ರೋಸ್ಕೋಪ್ ಆದ ಸ್ಲಿಟ್ ಲ್ಯಾಂಪ್‌ಗೆ ಕಣ್ಣಿಡುವುದು ಸುಲಭ ಅಲ್ಲ.

ಲಾಸಿಕ್ ಯಾಕೆ ಮಾಡಿಸಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಸರಳ. ಲಾಸಿಕ್‌ನಲ್ಲಿ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಲೇಸರ್‌ನಿಂದ ಸವೆಸುತ್ತಾರೆ. 6 ಮಿಲಿಮೀಟರ್ ಅಗಲದ ಜಾಗದಲ್ಲಿ ಒಂದು ಡಯಾಪ್ಟರ್ (ಪವರ್ ಅಳೆಯುವ ಘಟಕ) ಇಳಿಸಲು ಹತ್ತಿರಹತ್ತಿರ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಹೋಗುತ್ತದೆ. ಕನ್ನಡಕದ ಪವರ್ ಕಾರ್ನಿಯಾ ಮೇಲೆ ಸ್ವಲ್ಪ ಕಡಿಮೆಯಾಗುತ್ತದೆ ಅಂದರೂ, ಸಿಲಿಂಡರ್ ಸೇರಿದರೆ ನನಗೆ 11 ಡಯಾಪ್ಟರ್ ಇಳಿಸಬೇಕು. ಅಂದರೆ 130 ಮೈಕ್ರಾನ್‌ಗಿಂತ ಜಾಸ್ತಿ. ಲೇಸರ್‌ಗೆ ಮುಂಚೆ ಕತ್ತರಿಸಿ ಎತ್ತುವ ಮೇಲಿನ ಪದರಕ್ಕೆ 110. ನನ್ನ ಕಾರ್ನಿಯಾ ಇರುವುದೇ 485. ಕೆಳಗೆ 250 ಕೂಡ ಉಳಿಯುವುದಿಲ್ಲ. ಅಷ್ಟು ತೆಳುವಾದರೆ ಕಾರ್ನಿಯಾ ಮುಂದೆ ಉಬ್ಬಿ ಬರುವ ಅಪಾಯ ಇದೆ. ಹಾಗಾಗಿ ಆ ಬಾಗಿಲು ಮುಚ್ಚಿತ್ತು.

ಉಳಿದದ್ದು ಕಣ್ಣೊಳಗೆ ಇಡುವ ಲೆನ್ಸ್. ಇದು ಐರಿಸ್‌ನ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಹಿಂದೆ, ಹುಟ್ಟಿನಿಂದ ಬಂದ ಲೆನ್ಸಿನ ಮುಂದೆ ಕೂರುತ್ತದೆ. ಪೊರೆ ಆಪರೇಷನ್‌ನಲ್ಲಿ ಹಳೆ ಲೆನ್ಸ್ ತೆಗೆಯುತ್ತಾರೆ, ಇಲ್ಲಿ ಅದನ್ನು ಮುಟ್ಟುವುದಿಲ್ಲ. ಐರಿಸ್ ಹಿಂದೆ ಹೀಗೊಂದು ಲೆನ್ಸ್ ಇಡುವ ಪ್ರಯತ್ನವನ್ನು ಮಾಸ್ಕೋದ ಡಾಕ್ಟರ್ ಫ್ಯೋಡೊರೊವ್ 1980ರ ದಶಕದಲ್ಲೇ ಮಾಡಿದ್ದರು. ಈಗ ಜಾಸ್ತಿ ಬಳಕೆಯಲ್ಲಿರುವುದು ಸ್ಟಾರ್ ಕಂಪನಿಯ ಐಸಿಎಲ್ ಅನ್ನುವ ಲೆನ್ಸ್. ಅಮೆರಿಕದಲ್ಲಿ ಇದಕ್ಕೆ 2005ರಲ್ಲಿ ಅನುಮತಿ ಸಿಕ್ಕಿತು, ಸಿಲಿಂಡರ್ ಸರಿಮಾಡುವ ಟೋರಿಕ್ ಲೆನ್ಸಿಗೆ 2018ರಲ್ಲಿ. ನಮ್ಮಲ್ಲಿ ಗುಜರಾತಿನ ಕೇರ್ ಗ್ರೂಪ್ ಮಾಡುವ ಇಂಥದ್ದೇ ಲೆನ್ಸ್ ಐಪಿಸಿಎಲ್ ಕೂಡ ಹಾಕುತ್ತಾರೆ. ಅದು ಅಕ್ರಿಲಿಕ್. ಐಸಿಎಲ್‌ನದು ಕೊಲಾಮರ್, ಅದರಲ್ಲಿ ಹಂದಿಯಿಂದ ಬಂದ ಶುದ್ಧ ಮಾಡಿದ ಕೊಲಾಜೆನ್ ಅತಿ ಸಣ್ಣ ಪ್ರಮಾಣದಲ್ಲಿ ಇರುತ್ತದೆ. ಸಸ್ಯಾಹಾರಿ ಮನೆಯವರಿಗೆ ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್ ಆದ ಮೇಲೆ ಮೊಬೈಲ್‌ನಲ್ಲಿ ಓದಿ ಗಾಬರಿಯಾಗುವುದು ಯಾಕೆ?

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಜನ ಪವರ್ ಬಗ್ಗೆಯೇ ಕೇಳುತ್ತಾರೆ, ನನ್ನ ತಲೆ ಕೆಡಿಸಿದ್ದು ಸೈಜು. ಐಸಿಎಲ್ ನಾಲ್ಕು ಉದ್ದಗಳಲ್ಲಿ ಬರುತ್ತದೆ: 12.1, 12.6, 13.2, 13.7 ಮಿಲಿಮೀಟರ್. ಬಳೆಯಾದರೆ ಅಂಗಡಿಯಲ್ಲೇ ತೊಟ್ಟು ನೋಡಿ ಬದಲಾಯಿಸಬಹುದು. ಇಲ್ಲಿ ಮೊದಲೇ ಅಳೆದು ಆರ್ಡರ್ ಕೊಡಬೇಕು. ಚಿಕ್ಕದಾದರೆ ಲೆನ್ಸ್ ಚಪ್ಪಟೆಯಾಗಿ ಕೂತು ನಮ್ಮ ಸ್ವಂತ ಲೆನ್ಸಿಗೆ ತಾಗುತ್ತದೆ, ಬೇಗ ಪೊರೆ ಬರಬಹುದು. ದೊಡ್ಡದಾದರೆ ಉಬ್ಬಿ ಐರಿಸ್ ಅನ್ನು ಮುಂದಕ್ಕೆ ತಳ್ಳುತ್ತದೆ. ಆಗ ಕಣ್ಣೊಳಗಿನ ನೀರು ಹೊರಹೋಗುವ ಮೂಲೆ ಕಿರಿದಾಗಿ ಕಣ್ಣಿನ ಒತ್ತಡ ಏರುತ್ತದೆ. ಎರಡು ಲೆನ್ಸುಗಳ ನಡುವಿನ ಈ ಸಂದಿಗೆ ವಾಲ್ಟ್ ಅನ್ನುತ್ತಾರೆ. 250ರಿಂದ 750 ಮೈಕ್ರಾನ್ ಒಳಗಿದ್ದರೆ ಒಳ್ಳೆಯದು.

ಸೈಜು ನಿರ್ಧಾರಕ್ಕೆ ಸಾಮಾನ್ಯವಾಗಿ ಕಪ್ಪುಗುಡ್ಡೆಯ ಅಡ್ಡ ಅಗಲ ಮತ್ತು ಕಣ್ಣಿನ ಮುಂಭಾಗದ ಆಳ ನೋಡುತ್ತಾರೆ. ಆಳ ಕನಿಷ್ಠ 2.8ರಿಂದ 3 ಮಿಲಿಮೀಟರ್ ಇರಬೇಕು, ನನ್ನದು 3.2. ಅಗಲದಲ್ಲೇ ತಕರಾರು. ಒಂದು ಮೆಷಿನ್ 11.5 ಅಂದಿತು, ಇನ್ನೊಂದು 11.8. ಮೊದಲನೆಯದನ್ನು ನಂಬಿದರೆ 12.6ರ ಲೆನ್ಸ್, ಎರಡನೆಯದಾದರೆ 13.2. ಇದು ಮೆಷಿನ್ ಕೆಟ್ಟಿದ್ದಲ್ಲ. ಬಿಳಿ ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರು ಅನ್ನುವುದನ್ನು ಒಂದೊಂದು ಮೆಷಿನ್ ಒಂದೊಂದು ಥರ ಹಿಡಿಯುತ್ತದೆ. ಅದೂ ಅಲ್ಲದೆ ಲೆನ್ಸಿನ ಕಾಲುಗಳು ಕೂರುವುದು ಐರಿಸ್ ಹಿಂದಿನ ಸಂದಿಯಲ್ಲಿ. ಹೊರಗಿನ ಅಗಲದಿಂದ ಒಳಗಿನದನ್ನು ಊಹಿಸುವುದಷ್ಟೇ. ನಾನು ಯುಬಿಎಂ ಮಾಡಿಸಲೇಬೇಕು ಅಂತ ಹಟ ಹಿಡಿದೆ. ಇದು ಐರಿಸ್ ಹಿಂದಿನ ಜಾಗವನ್ನೇ ತೋರಿಸುವ ಅಲ್ಟ್ರಾಸೌಂಡ್. ಅದನ್ನು ನೋಡಿ ಸರ್ಜನ್ 12.6 ಅಂತ ತೀರ್ಮಾನಿಸಿದರು. ಆಮೇಲೆ ವಾಲ್ಟ್ ಬಲಗಣ್ಣಿನಲ್ಲಿ 480, ಎಡಗಣ್ಣಿನಲ್ಲಿ 560 ಬಂತು. ನೀವು ಎಲ್ಲಿ ಮಾಡಿಸಿದರೂ ಈ ಎರಡು ಪ್ರಶ್ನೆ ಕೇಳಿ: ಅಗಲವನ್ನು ಎಷ್ಟು ಮೆಷಿನ್‌ನಲ್ಲಿ ಅಳೆದಿರಿ? ಆಪರೇಷನ್ ಆದ ಮೇಲೆ ವಾಲ್ಟ್ ಎಷ್ಟಿದೆ? ಸಂಖ್ಯೆಯನ್ನೇ ಕೇಳಿ, ‘ಚೆನ್ನಾಗಿದೆ’ ಅನ್ನುವ ಉತ್ತರ ಸಾಲದು.

ಅಳತೆಗೆ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ಬಿಡಬೇಕು. ಸಾಫ್ಟ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ. ಹಿಂದಿನ ರಾತ್ರಿವರೆಗೂ ಹಾಕಿಕೊಂಡಿದ್ದು ‘ಬಿಟ್ಟು ತಿಂಗಳಾಯ್ತು ಮೇಡಂ’ ಅನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾರ್ನಿಯಾದ ಮ್ಯಾಪ್ ನಿಜ ಹೇಳಿಬಿಡುತ್ತದೆ.

ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಪರೀಕ್ಷೆಯಲ್ಲಿ ಎಡಗಣ್ಣಿನ ರೆಟಿನಾದ ಅಂಚು ಒಂದು ಕಡೆ ತೆಳುವಾಗಿರುವುದು ಕಂಡಿತು. ಅದರ ಸುತ್ತ ಲೇಸರ್ ಹಾಕಿಸಿಕೊಂಡು, ಗಾಯ ಗಟ್ಟಿಯಾಗುವವರೆಗೆ ಕಾದೆ. ಟೋರಿಕ್ ಲೆನ್ಸ್ ಆರ್ಡರ್ ಮೇಲೆ ಬರುವುದರಿಂದ ಹೇಗೂ ಕಾಯಲೇಬೇಕಿತ್ತು.

ಅಮ್ಮನಿಗೆ ಇಷ್ಟ ಇರಲಿಲ್ಲ. ‘ಇಷ್ಟು ವರ್ಷ ಕನ್ನಡಕದಲ್ಲೇ ನಡೀತಲ್ಲ, ಈಗ ಯಾಕೆ ಕಣ್ಣಿಗೆ ಕತ್ತರಿ ಹಾಕಿಸ್ಕೋತೀಯೇ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚೆನ್ನಾಗಿರುವ ಕಣ್ಣಿನ ಒಳಗೆ ಕೈಹಾಕುವ ಆಪರೇಷನ್ ಇದು ಅನ್ನುವುದು ನಿಜ. ಸೋಂಕಿನ ಅಪಾಯ ತುಂಬ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಅದಕ್ಕೇ ಎರಡೂ ಕಣ್ಣನ್ನು ಒಂದೇ ದಿನ ಬೇಡ ಅಂದೆ.

ಟೋರಿಕ್ ಲೆನ್ಸ್ ಸರಿಯಾದ ಕೋನದಲ್ಲಿ ಕೂರಬೇಕು. ಒಂದು ಡಿಗ್ರಿ ತಿರುಗಿದರೆ ಸಿಲಿಂಡರ್ ಪರಿಣಾಮ ಸುಮಾರು ಶೇಕಡ 3.3 ಕಳೆದುಹೋಗುತ್ತದೆ. 30 ಡಿಗ್ರಿ ತಿರುಗಿದರೆ ಸಿಲಿಂಡರ್‌ಗೆ ಹಾಕಿಸಿಕೊಂಡದ್ದೇ ದಂಡ. ಮಲಗಿದಾಗ ಕಣ್ಣು ಸ್ವಲ್ಪ ತಿರುಗಿಕೊಳ್ಳುವುದರಿಂದ ಕೋನದ ಗುರುತನ್ನು ಕಣ್ಣಿನ ಮೇಲೆ ಕೂತಿದ್ದಾಗಲೇ ಹಾಕಬೇಕು. ನನ್ನ ಕಣ್ಣಿಗೆ ಗುರುತು ಹಾಕಿದ್ದು ನಮ್ಮಲ್ಲೇ ಕೆಲಸ ಮಾಡುವ ಹುಡುಗಿ. ‘ಅಕ್ಕ, ಅಲ್ಲಾಡ್ಬೇಡಿ’ ಅಂತ ನನ್ನನ್ನೇ ಗದರಿದಳು.

ಆಪರೇಷನ್ ಬಗ್ಗೆ ಹೇಳುವುದು ಕಡಿಮೆ. ಪಾಪೆ ಅಗಲ ಮಾಡುವ ಹನಿ, ಮರಗಟ್ಟಿಸುವ ಹನಿ, ಜೋರು ಬೆಳಕು. ಸುಮಾರು 3 ಮಿಲಿಮೀಟರ್ ಗಾಯದ ಮೂಲಕ ಸುರುಳಿ ಮಾಡಿದ ಲೆನ್ಸ್ ಒಳಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಕಾಲುಗಳನ್ನು ಐರಿಸ್ ಕೆಳಗೆ ಸೇರಿಸುವಾಗ ಒಂದು ಥರ ಒತ್ತಿದಂತಾಗುತ್ತದೆ. ಹೊಲಿಗೆ ಇಲ್ಲ.

ನಂತರದ ಕೆಲವು ಗಂಟೆ ಮುಖ್ಯ. ಆಪರೇಷನ್‌ನಲ್ಲಿ ಬಳಸುವ ಜೆಲ್ ಒಳಗೆ ಉಳಿದಿದ್ದರೆ ಒತ್ತಡ ಏರುತ್ತದೆ. ಬಲಗಣ್ಣಿನಲ್ಲಿ 26 ತೋರಿಸಿತು, ಹುಬ್ಬಿನ ಮೇಲೆ ನೋವು. ಒತ್ತಡ ಇಳಿಸುವ ಡಯಾಮಾಕ್ಸ್ ಮಾತ್ರೆ ಕೊಟ್ಟರು, ಬೆರಳ ತುದಿ ಜುಮ್ ಅನ್ನತೊಡಗಿತು. ರಾತ್ರಿ ಹೊತ್ತಿಗೆ ಒತ್ತಡ ಇಳಿಯಿತು. ಮಾಡಿದ ದಿನವೇ ಒತ್ತಡ ನೋಡದೆ ಮನೆಗೆ ಕಳಿಸುವ ಕಡೆ ನಾನಂತೂ ಮಾಡಿಸುವುದಿಲ್ಲ.

ಕನ್ನಡಕದಲ್ಲಿ ನನಗೆ ಚಾರ್ಟಿನ 6/9 ಸಾಲಿನವರೆಗೆ ಮಾತ್ರ ಕಾಣುತ್ತಿತ್ತು. ಈಗ 6/6, ಅಂದರೆ ಸಾಮಾನ್ಯ ದೃಷ್ಟಿ. ಇದು ಪವಾಡ ಏನಲ್ಲ. ಅಷ್ಟು ಪವರ್‌ನ ಕನ್ನಡಕ ಎಲ್ಲವನ್ನೂ ಶೇಕಡ ಹತ್ತರಷ್ಟು ಚಿಕ್ಕದಾಗಿ ತೋರಿಸುತ್ತದೆ. ಲೆನ್ಸ್ ಒಳಗೆ ಹೋದಾಗ ಆ ಕುಗ್ಗುವಿಕೆ ಹೋಯಿತು. ಮೊದಲ ದಿನ ನನ್ನ ಕೈಗಳೇ ದೊಡ್ಡದಾಗಿವೆ ಅನ್ನಿಸಿತು. ಓದುವಾಗ ಮಾತ್ರ ಕೆಲವು ವಾರ ಕಣ್ಣು ಎಳೆದಂತಾಗುತ್ತಿತ್ತು. ಮೈನಸ್ ಕನ್ನಡಕದೊಳಗಿಂದ ಹತ್ತಿರ ನೋಡಲು ಕಣ್ಣಿಗೆ ಕಡಿಮೆ ಶ್ರಮ ಸಾಕಿತ್ತು, ಈಗ ಎಲ್ಲರಷ್ಟೇ ಶ್ರಮ ಬೇಕು. ನಲವತ್ತರ ಹತ್ತಿರ ಇರುವವರು ಇದನ್ನು ಯೋಚಿಸಿಕೊಳ್ಳಲಿ, ಓದುವ ಕನ್ನಡಕ ಬೇಗ ಬರಬಹುದು.

ರಾತ್ರಿ ದೀಪಗಳ ಸುತ್ತ ಉಂಗುರ ಕಾಣುತ್ತದೆ. ಈಗಿನ ಲೆನ್ಸಿನ ನಡುವೆ 0.36 ಮಿಲಿಮೀಟರ್ ರಂಧ್ರ ಇದೆ. ಜಪಾನಿನ ಡಾಕ್ಟರ್ ಶಿಮಿಜು ಅವರ ಯೋಚನೆ ಅದು. ಅದರ ಮೂಲಕ ಕಣ್ಣೊಳಗಿನ ನೀರು ಹರಿಯುತ್ತದೆ. ಹಿಂದಿನ ಲೆನ್ಸುಗಳಿಗೆ ಐರಿಸ್‌ನಲ್ಲೇ ಲೇಸರ್‌ನಿಂದ ತೂತು ಮಾಡಬೇಕಿತ್ತು. ಲೆನ್ಸಿನ ಆ ರಂಧ್ರದ ಅಂಚಿಗೆ ಬೆಳಕು ತಾಗಿ ಉಂಗುರ ಆಗುತ್ತದೆ. ನನಗೆ ಈಗ ಹುಡುಕಿದರೆ ಮಾತ್ರ ಕಾಣುತ್ತದೆ. ರಾತ್ರಿ ಲಾರಿ ಓಡಿಸುವವರಿಗೆ ಇದನ್ನು ಮೊದಲೇ ಹೇಳಬೇಕು.

ಖರ್ಚು ಲಾಸಿಕ್‌ಗಿಂತ ಬಹಳ ಜಾಸ್ತಿ, ಟೋರಿಕ್‌ಗೆ ಇನ್ನೂ ಮೇಲೆ. ಆದರೆ ವಿಮೆ ಇದ್ದರೆ ಪಾಲಿಸಿ ತೆಗೆದು ನೋಡಿ. ವಿಮೆ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮದಲ್ಲಿ ಹೊರಗಿಟ್ಟಿರುವುದು 7.5 ಡಯಾಪ್ಟರ್‌ಗಿಂತ ಕಡಿಮೆ ಪವರ್‌ನ ಚಿಕಿತ್ಸೆಯನ್ನು. ನನ್ನ ವಿಮೆಯವರು ಮೊದಲು ‘ಇದು ಅಂದಕ್ಕೆ ಮಾಡಿಸಿದ್ದು’ ಅಂತ ವಾಪಸ್ ಕಳಿಸಿದರು. ಪವರ್ ರಿಪೋರ್ಟ್ ಲಗತ್ತಿಸಿ ಆ ಸಾಲನ್ನೇ ತೋರಿಸಿದ ಮೇಲೆ ಒಂದು ಭಾಗ ಕೊಟ್ಟರು.

ಪವರ್ ಹೋಯಿತು ಅಂದರೆ ಕಣ್ಣು ಬದಲಾಯಿತು ಅಂತಲ್ಲ. ಸಾಮಾನ್ಯ ಕಣ್ಣಿನ ಉದ್ದ 23.5 ಮಿಲಿಮೀಟರ್ ಆಸುಪಾಸು, ನನ್ನದು 27ರ ಮೇಲೆ. ಅದು ಹಾಗೇ ಇದೆ, ರೆಟಿನಾ ಹರಿಯುವ ಅಪಾಯವೂ ಹಾಗೇ ಇದೆ. ಪ್ರತಿವರ್ಷ ರೆಟಿನಾ, ವಾಲ್ಟ್ ಮತ್ತು ಕಾರ್ನಿಯಾದ ಒಳಪದರದ ಜೀವಕೋಶ ಎಣಿಕೆ ಮಾಡಿಸುತ್ತೇನೆ. ಲೆನ್ಸಿನ ಸೈಜು, ಪವರ್, ಆಕ್ಸಿಸ್ (ಸಿಲಿಂಡರ್‌ನ ಕೋನ) ಬರೆದ ಕಾರ್ಡಿನ ಫೋಟೋ ಅಮ್ಮನ ಫೋನಿನಲ್ಲೂ ಇದೆ. ಮುಂದೆ ಪೊರೆ ಬಂದರೆ ಈ ಲೆನ್ಸ್ ತೆಗೆದು ಬೇರೆ ಹಾಕುತ್ತಾರೆ, ಆಗ ಸರ್ಜನ್ ಮೊದಲು ಕೇಳುವುದು ಆ ಕಾರ್ಡನ್ನೇ.