ಟ್ಯಾಕ್ಸ್ ಬಿಲ್ ನೋಡಿ ‘ಎರಡು ಪರ್ಸೆಂಟ್ ರೂಲ್’ ಅಂತ ಕೂಗಾಡೋಕೆ ಮುಂಚೆ

ಅಕ್ಟೋಬರ್ ಕೊನೇಲಿ ಕೌಂಟಿಯಿಂದ (ನಮ್ಮ ಜಿಲ್ಲಾಡಳಿತ ಇದ್ದಂಗೆ) ಮನೆ ಟ್ಯಾಕ್ಸ್ ಬಿಲ್ ಬಂದ್ರೆ ಸಾಕು, ಕ್ಯಾಲಿಫೋರ್ನಿಯಾದಲ್ಲಿ ಮನೆ ತಗೊಂಡಿರೋ ನಮ್ಮವರ ವಾಟ್ಸಾಪ್ ಗ್ರೂಪ್ ಕೊತಕೊತ ಕುದಿಯುತ್ತೆ. ಹೋದ್ ವರ್ಷ ನಮ್ಮ ಷಡ್ಡಕ ಬಿಲ್ ಹಿಡ್ಕೊಂಡೇ ಬಂದ, “ಅಣ್ಣ, ಎರಡು ಪರ್ಸೆಂಟ್ ಮೇಲೆ ಏರಿಸಂಗಿಲ್ಲ ಅಂತ ಕಾನೂನೇ ಇದೆಯಲ್ಲ, ನಂಗೆ ಆರು ಪರ್ಸೆಂಟ್ ಏರಿದೆ, ಕೇಸ್ ಹಾಕ್ಲಾ?” ಅಂತ. ಮೊದ್ಲು ಕಾಫಿ ಕುಡಿ ಅಂತ ಕೂರಿಸಿ ಬಿಲ್ ಬಿಡಿಸಿದ್ವಿ.

ಮೊದಲ್ನೇ ಕೆಲಸ ಸುಲಭ, ಹೋದ್ ವರ್ಷದ ಬಿಲ್ಲು ಈ ವರ್ಷದ ಬಿಲ್ಲು ಪಕ್ಕಪಕ್ಕ ಇಟ್ಕೊಳ್ಳಿ.

ಎರಡನೇದು, ಎಲ್ಲರೂ ಎಡವೋದು ಇಲ್ಲೇ. 1978ರ ಪ್ರೊಪೊಸಿಷನ್ 13 (ಜನ ಓಟ್ ಹಾಕಿ ತಂದ ಕಾನೂನು) ಹಾಕಿರೋ ಎರಡು ಪರ್ಸೆಂಟ್ ಮಿತಿ ಇರೋದು ನೀವು ಕಟ್ಟೋ ದುಡ್ಡಿಗಲ್ಲ, ಅಸೆಸ್ಡ್ ವ್ಯಾಲ್ಯೂಗೆ, ಅಂದ್ರೆ ಟ್ಯಾಕ್ಸ್ ಲೆಕ್ಕಕ್ಕೆ ಕೌಂಟಿ ಹಿಡಿಯೋ ಮನೆ ಬೆಲೆಗೆ. ಹತ್ತು ಲಕ್ಷ ಡಾಲರ್‌ಗೆ ಮನೆ ತಗೊಂಡ್ರೆ ಮುಂದಿನ ವರ್ಷ ಅದು ಹೆಚ್ಚು ಅಂದ್ರೆ 10,20,000, ಅದರ ಮುಂದಿನ ವರ್ಷ 10,40,400, ಅದ್ರಲ್ಲಿ ಒಂದು ಪರ್ಸೆಂಟ್ ಮೂಲ ಟ್ಯಾಕ್ಸು. ಬಿಲ್ಲಲ್ಲಿ ಆ ವ್ಯಾಲ್ಯೂ ಇರೋ ಸಾಲನ್ನ ಮಾತ್ರ ಹೋಲಿಸಿ. ಅದರ ಕೆಳಗೆ ಬಾಂಡ್‌ಗಳ ಸಾಲು ಇರುತ್ತೆ (ಸ್ಕೂಲು ಗೀಲು ಕಟ್ಟೋಕೆ ಎತ್ತಿದ ಸಾಲ ತೀರಿಸೋ ದುಡ್ಡು), ಅದು ಒಂದು ಪರ್ಸೆಂಟ್‌ನ ಹೊರಗೆ, ಯಾಕಂದ್ರೆ ಜನ ಓಟ್ ಹಾಕಿ ಒಪ್ಪಿದ್ದು (ಸ್ಕೂಲ್ ಬಾಂಡ್‌ಗೆ ಸಾಮಾನ್ಯವಾಗಿ 55 ಪರ್ಸೆಂಟ್ ಓಟು ಸಾಕು). ಇನ್ನೂ ಕೆಳಗೆ ಮೆಲ್ಲೋ-ರೂಸ್ (ಬಡಾವಣೆಯ ರಸ್ತೆ, ಸ್ಕೂಲು ಇತ್ಯಾದಿಗೆ ಹಾಕೋ ವಿಶೇಷ ಟ್ಯಾಕ್ಸು), ಚರಂಡಿ, ಸೊಳ್ಳೆ ನಿಯಂತ್ರಣ ಅಂತೆಲ್ಲ ಬೇರೆ ಬೇರೆ ಚಾರ್ಜು. ಷಡ್ಡಕನ ಬಿಲ್‌ನಲ್ಲಿ ವ್ಯಾಲ್ಯೂ ಏರಿದ್ದು ಸರಿಯಾಗಿ ಎರಡೇ ಪರ್ಸೆಂಟ್, ಮಿಕ್ಕಿದ್ದೆಲ್ಲ ಹೊಸ ಸ್ಕೂಲ್ ಬಾಂಡು, ಅದಕ್ಕೆ ಓಟ್ ಹಾಕಿದ್ದೂ ಅವನೇ!

ವ್ಯಾಲ್ಯೂನೇ ಎರಡಕ್ಕಿಂತ ಜಾಸ್ತಿ ಏರಿದ್ರೂ ತಕ್ಷಣ ಹಾರಾಡ್ಬೇಡಿ. ಮಾರ್ಕೆಟ್ ಬಿದ್ದಾಗ ನಿಮ್ಮ ವ್ಯಾಲ್ಯೂ ತಾತ್ಕಾಲಿಕವಾಗಿ ಇಳಿಸಿದ್ರೆ ಮಾರ್ಕೆಟ್ ಏರಿದಾಗ ವಾಪಸ್ ಏರಿಸ್ಬಹುದು, ಆಗ ವರ್ಷಕ್ಕೆ ಎರಡು ಅನ್ನೋ ಲೆಕ್ಕ ಇಲ್ಲ, ಆದ್ರೆ ಕೊಂಡ ಬೆಲೆಗೆ ವರ್ಷಕ್ಕೆ ಎರಡರಂತೆ ಸೇರಿಸಿದ ಗೆರೆ ದಾಟಂಗಿಲ್ಲ. ಹೊಸ ರೂಮ್ ಕಟ್ಟಿಸಿದ್ರೆ ಆ ರೂಮಿನ ಬೆಲೆ ಮಾತ್ರ ಹೊಸದಾಗಿ ಸೇರುತ್ತೆ. ಇದ್ಯಾವ್ದೂ ಅಲ್ದೆ ಏರಿದ್ರೆ ಅಪೀಲ್ ಹಾಕಿ. ಆದ್ರೆ ಕಡೇ ದಿನ ಕೆಲವು ಕೌಂಟಿಲಿ ಸೆಪ್ಟೆಂಬರ್ 15, ಕೆಲವಲ್ಲಿ ನವೆಂಬರ್ 30. ಬಿಲ್ ಬರೋವರೆಗೆ ಕಾಯೋರಿಗೆ ಎಷ್ಟೋ ಸಲ ಬಸ್ಸು ಹೋಗಿಬಿಟ್ಟಿರುತ್ತೆ.

ಮೂರನೇದು, ಹೋಮ್‌ಓನರ್ ಎಕ್ಸೆಂಪ್ಷನ್ (ಸ್ವಂತ ಮನೇಲೇ ವಾಸ ಇರೋರಿಗೆ ಸಿಗೋ ರಿಯಾಯಿತಿ) ಫಾರಂ ತುಂಬಿ, ವರ್ಷಕ್ಕೆ ಸುಮಾರು 70 ಡಾಲರ್ ಉಳಿಯುತ್ತೆ. ಇದನ್ನ ಮಾಡಿಸ್ಕೊಡ್ತೀವಿ ದುಡ್ಡು ಕೊಡಿ ಅಂತ ಸರ್ಕಾರಿ ಕಾಗದದ ಥರಾನೇ ಕಾಣೋ ಲೆಟರ್ ಬರುತ್ತಲ್ಲ, ಸೀದಾ ಕಸದ ಬುಟ್ಟಿಗೆ. ಅಸಲಿ ಫಾರಂ ಫ್ರೀ.

ಕಟ್ಟೋದು ಎರಡು ಕಂತು, ಡಿಸೆಂಬರ್ 10 ಮತ್ತು ಏಪ್ರಿಲ್ 10, ತಪ್ಪಿದ್ರೆ 10 ಪರ್ಸೆಂಟ್ ದಂಡ. ನಮ್ಮೂರಲ್ಲಿ ಏಪ್ರಿಲ್‌ನಲ್ಲೇ ಕಟ್ಟಿದ್ರೆ ಐದು ಪರ್ಸೆಂಟ್ ಬಿಡ್ತಾರಲ್ಲ, ಇಲ್ಲಿ ಮುಂಚೆ ಕಟ್ಟಿದೋರಿಗೆ ಏನೂ ಇಲ್ಲ. ಹೊಸದಾಗಿ ಮನೆ ಕೊಂಡೋರಿಗೆ ಸಪ್ಲಿಮೆಂಟಲ್ ಅಂತ ಬೇರೆ ಬಿಲ್ಲೂ ಬರುತ್ತೆ (ಹಳೇ ವ್ಯಾಲ್ಯೂಗೂ ಹೊಸ ವ್ಯಾಲ್ಯೂಗೂ ಇರೋ ವ್ಯತ್ಯಾಸದ ಮೇಲಿನ ಟ್ಯಾಕ್ಸು), ಎಸ್ಕ್ರೋದಿಂದ (ಟ್ಯಾಕ್ಸ್ ಕಟ್ಟೋಕೆ ಅಂತ ಸಾಲ ಕೊಟ್ಟ ಬ್ಯಾಂಕ್ ನಮ್ಮಿಂದ ತಗೊಂಡು ಇಟ್ಕೊಳ್ಳೋ ದುಡ್ಡು) ಬ್ಯಾಂಕ್ ಕಟ್ಟುತ್ತೆ ಅಂತ ನಂಬಿ ನಾನೇ ಡ್ರಾಯರ್‌ಗೆ ಹಾಕಿ ದಂಡ ತೆತ್ತಿದ್ದೀನಿ, ಸಾಮಾನ್ಯವಾಗಿ ಅದನ್ನ ನಾವೇ ಕಟ್ಬೇಕು.

ಕೊನೇದು ನೀರು, ಒಳಚರಂಡಿ, ಕಸದ ಫೀ. ಇದಕ್ಕೆ ಎರಡು ಪರ್ಸೆಂಟ್ ಗಿರಸೆಂಟ್ ಏನಿಲ್ಲ, ಬೇರೆ ಬೇಲಿ ಇದೆ, 1996ರ ಪ್ರೊಪೊಸಿಷನ್ 218. ಸೇವೆಗೆ ತಗಲೋ ಖರ್ಚಿಗಿಂತ ಜಾಸ್ತಿ ವಸೂಲಿ ಮಾಡಂಗಿಲ್ಲ, ಏರಿಸೋಕೆ ಮುಂಚೆ ಪ್ರತಿ ಮನೆಗೂ ನೋಟಿಸ್ ಕಳ್ಸಿ 45 ದಿನ ಆದ್ಮೇಲೆ ಹಿಯರಿಂಗ್ (ಜನರ ಅಹವಾಲು ಕೇಳೋ ಸಭೆ) ಮಾಡ್ಬೇಕು. ಅರ್ಧಕ್ಕಿಂತ ಹೆಚ್ಚು ಪಾರ್ಸಲ್‌ಗಳಿಂದ (ಪಾರ್ಸಲ್ ಅಂದ್ರೆ ಕೌಂಟಿ ದಾಖಲೆಲಿ ನಂಬರ್ ಇರೋ ಒಂದೊಂದು ಜಾಗ) ಲಿಖಿತ ವಿರೋಧ ಬಂದ್ರೆ ಏರಿಸೋ ಹಂಗೇ ಇಲ್ಲ. ಆ ನೋಟಿಸ್ ನೋಡೋಕೆ ಪಿಜ್ಜಾ ಕೂಪನ್ ಥರ ಇರುತ್ತೆ, ಜನ ಬಿಸಾಕ್ತಾರೆ, ಆಮೇಲೆ ಹಿಯರಿಂಗ್‌ಗೆ ಬಂದು ಬರೀ ಬಾಯಲ್ಲಿ ಬೈತಾರೆ, ಬಾಯಲ್ಲಿ ಬೈದಿದ್ದು ಲೆಕ್ಕಕ್ಕಿಲ್ಲ. ಪಾರ್ಸಲ್ ನಂಬರ್ ಇಲ್ಲಾ ಅಡ್ರೆಸ್ ಬರೆದು, ಸೈನ್ ಮಾಡಿ, ಹಿಯರಿಂಗ್ ಮುಗಿಯೋದ್ರೊಳಗೆ ತಲುಪಿಸಿ. ಈಮೇಲ್ ನಡೆಯುತ್ತಾ ಅಂತ ನೋಟಿಸ್‌ನಲ್ಲೇ ಓದ್ಕೊಳ್ಳಿ, ನಾನಂತೂ ಪೋಸ್ಟಲ್ಲೇ ಹಾಕೋದು. ಗಂಡ ಹೆಂಡ್ತಿ ಇಬ್ರ ಹೆಸರಲ್ಲಿ ಮನೆ ಇದ್ರೂ ಒಂದು ಪಾರ್ಸಲ್‌ಗೆ ಒಂದೇ ವಿರೋಧ ಲೆಕ್ಕ, ಎರಡನೇ ಸ್ಟಾಂಪ್ ಪಕ್ಕದ್ಮನೆಯವರಿಗೆ ಕೊಡಿ.