ಕುಂಬಳದ ಹೀಚು ಉದುರ್ತಿದ್ಯಾ? ಗೊಬ್ಬರ ಹಾಕೋ ಮೊದ್ಲು ಟೈಮ್ ನೋಡ್ಕೊಳ್ಳಿ

ನಮ್ ಬೀದಿ ಹುಡ್ಗೀರು ಯಾವಾಗ್ಲೂ ಇದನ್ನೇ ಕೇಳ್ತಿರ್ತಾರೆ, ಆಂಟಿ ಸಿಹಿಗುಂಬಳದ ಬಳ್ಳಿ ತುಂಬಾ ಹೂವು, ಹೀಚೂ ಬಿಡುತ್ತೆ, ನಿಂಬೆಹಣ್ಣಿನಷ್ಟು ಆಗ್ತಿದ್ದಂಗೆ ಹಳದಿಯಾಗಿ ಬಿದ್ದೋಗುತ್ತೆ, ಏನ್ ಗೊಬ್ಬರ ಹಾಕ್ಲಿ ಅಂತ. ಗೊಬ್ಬರ ಆಮೇಲೆ ಕಣ್ರಮ್ಮ, ಮೊದ್ಲು ನೀವು ಗಿಡದ ಹತ್ರ ಎಷ್ಟೊತ್ತಿಗೆ ಹೋಗ್ತೀರ ಹೇಳಿ. ತಿಂಡಿ ಮಾಡಿ, ಡಬ್ಬಿ ಕಟ್ಟಿ, ಎಲ್ಲರನ್ನೂ ಕಳ್ಸಿ ಹತ್ತೂವರೆಗೆ ಟೆರೇಸ್ ಹತ್ತಿದ್ರೆ ಕುಂಬಳದ ಹೂವು ಆಗ್ಲೇ ಅಂಗಡಿ ಬಾಗ್ಲು ಹಾಕಿರುತ್ತೆ. ಅದು ಅರಳೋದು ಬೆಳಗಿನ ಜಾವ, ಬಿಸಿಲು ಏರೋ ಹೊತ್ತಿಗೆ ಮುದುಡಿಕೊಳ್ಳುತ್ತೆ, ಒಂದು ಹೂವಿಗೆ ಅದೊಂದೇ ದಿನ. ಅಷ್ಟರೊಳಗೆ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಲಿಲ್ಲ ಅಂದ್ರೆ ಆ ಹೀಚು ನಿಲ್ಲಲ್ಲ, ನೀವು ಬುಡಕ್ಕೆ ಚಿನ್ನದ ಪುಡಿ ಹಾಕಿದ್ರೂ ಅಷ್ಟೆ.

ಗಂಡು ಯಾವ್ದು ಹೆಣ್ಣು ಯಾವ್ದು ಅಂತ ಗುರುತು ಹಿಡಿಯೋದು ಸುಲಭ. ಹೆಣ್ಣು ಹೂವಿನ ಕೆಳಗೆ ಮೊಗ್ಗಲ್ಲೇ ಪುಟಾಣಿ ಕಾಯಿ ಇರುತ್ತೆ, ಗಂಡು ಹೂವಿಗೆ ಬರೀ ಸಣ್ಣ ಉದ್ದನೆ ತೊಟ್ಟು. ಮೊದ್ಲು ಬರೋದೆಲ್ಲ ಗಂಡೇ, ಹೆಣ್ಣು ಬರೋಕೆ ಆಮೇಲೆ ಒಂದೆರಡು ವಾರ ಆದ್ರೂ ಬೇಕು, ಆಗ್ಲೇ ಕಾಯಿ ಬಂದಿಲ್ಲ ಅಂತ ಗಾಬರಿ ಬೀಳ್ಬೇಡಿ. ಆದ್ರೆ ತಿಂಗಳುಗಟ್ಟಲೆ ಬರೀ ಗಂಡು ಹೂವೇ ಬಿಡ್ತಿದ್ರೆ ಯೂರಿಯಾನೋ ಹಿಂಡಿನೋ ಜಾಸ್ತಿ ಆಗಿರ್ಬೇಕು, ಇಲ್ಲಾ ಬಿಸಿಲು ಸಾಲ್ತಿಲ್ಲ, ಇಲ್ಲಾ ಏಪ್ರಿಲ್ ತರ ಸುಡೋ ಸೆಕೆ ಇರ್ಬೇಕು. ಎಲೆ ಮಾತ್ರ ಮೊರದಗಲ ಬಂದು ಹೆಣ್ಣು ಹೂವೇ ಇಲ್ದಿದ್ರೆ ಗೊಬ್ಬರ ನಿಲ್ಸಿ, ತುದಿ ಕುಡಿ ಚಿವುಟಿ, ಪಕ್ಕದಲ್ಲಿ ಒಡೆಯೋ ಕವಲಲ್ಲಿ ಹೆಣ್ಣು ಹೂವು ಜಾಸ್ತಿ ಬರುತ್ತೆ.

ಇನ್ನು ಕುಂಬಳದ ಪರಾಗ ಅಂಟಂಟು, ಭಾರ, ಗಾಳಿಗೆ ಹಾರಲ್ಲ, ಜೇನೇ ಬರ್ಬೇಕು. ತುಡುವೆ, ಕೋಲ್ಜೇನು, ಮುಜಂಟಿ ಯಾವ್ದಾದ್ರೂ ಸರಿ. ಮಲೆನಾಡಲ್ಲಿ ಹಿತ್ತಲಿಗೆ ಬೀಜ ಎಸೆದು ಮರೆತ್ರೂ ಕುಂಬಳಕಾಯಿ ಆಗೋದು ಇದಕ್ಕೇ. ಬೆಂಗಳೂರಲ್ಲಿ ಮೂರು ನಾಲ್ಕನೇ ಮಹಡಿ ಮೇಲೆ ಸುತ್ತ ಬರೀ ಸಿಂಟೆಕ್ಸ್ ಟ್ಯಾಂಕ್ ಇರೋ ಕಡೆ ಜೇನು ಯಾಕ್ ಬರುತ್ತೆ ಹೇಳಿ? ಒಂದೆರಡು ಕುಂಡದಲ್ಲಿ ತುಳಸಿ ಹೂ ಬಿಡೋಕೆ ಬಿಡಿ, ಕೊತ್ತಂಬರಿ ಸಾಸಿವೆ ಹೂವಾಗ್ಲಿ, ತಟ್ಟೇಲಿ ಕಲ್ಲು ಹಾಕಿ ನೀರಿಡಿ. ಬೆಳಿಗ್ಗೆ ಹೂ ಅರಳಿರೋವಾಗ ಏನೂ ಸ್ಪ್ರೇ ಮಾಡ್ಬೇಡಿ, ಬೇವಿನೆಣ್ಣೆ ಕೂಡ ಬೇಡ, ಸಂಜೆ ಹೂ ಬಿಟ್ಟು ಎಲೆಗೆ ಮಾತ್ರ ಹೊಡೀರಿ.

ಜೇನು ಬರೋವರೆಗೂ ಕೆಲ್ಸ ನಿಮ್ದೇ. ಆರೂವರೆ ಏಳಕ್ಕೆ ಹೋಗಿ, ಆಗಷ್ಟೇ ಅರಳಿದ ಗಂಡು ಹೂ ಕಿತ್ತು ಸುತ್ತಲಿನ ಎಸಳು ಹರಿದು ಹಾಕಿ, ಮಧ್ಯದ ಹಳದಿ ಕಡ್ಡಿಯನ್ನ ಹೆಣ್ಣು ಹೂವಿನೊಳಗಿರೋ ಗಂಟುಗಂಟಾದ ಭಾಗಕ್ಕೆ ಮೆಲ್ಲಗೆ ಸುತ್ತಲೂ ಸವರಿ, ಒಂದೇ ಕಡೆ ಒತ್ತಿ ಬಂದ್ರೆ ಕಾಯಿ ಸೊಟ್ಟ ಆಗುತ್ತೆ. ಒಂದು ಗಂಡು ಹೂವಲ್ಲಿ ಎರಡ್ಮೂರು ಹೆಣ್ಣಿಗೆ ಆಗುತ್ತೆ. ಬ್ರಶ್ಶು ಇಯರ್‌ಬಡ್ ಅಂತ ಹೇಳ್ತಾರೆ, ನಂಗೇನೋ ಹೂವೇ ವಾಸಿ. ಮಳೆಗಾಲದಲ್ಲಿ ಪರಾಗ ನೆಂದು ಕೆಟ್ಟೋಗುತ್ತೆ, ಅದಕ್ಕೆ ಹಿಂದಿನ ಸಂಜೆನೇ ನಾಳೆ ಅರಳೋ ಥರ ಹಳದಿ ತಿರುಗಿರೋ ಗಂಡು ಮೊಗ್ಗು ತೊಟ್ಟು ಸಮೇತ ಕಿತ್ತು ಒಳಗೆ ಲೋಟದ ನೀರಲ್ಲಿಡಿ, ಬೆಳಿಗ್ಗೆ ಅರಳಿರುತ್ತೆ. ಹೆಣ್ಣು ಮೊಗ್ಗಿಗೆ ಒಂದು ಕವರ್ ಸಡಿಲವಾಗಿ ಮುಚ್ಚಿ.

ಎಲ್ಲಾ ಬಳ್ಳಿಗೂ ಇದೇ ಟೈಮ್ ಅಲ್ಲ ಮತ್ತೆ. ಸೌತೆ, ಹಾಗಲ, ಬೂದುಗುಂಬಳ, ತುಪ್ಪದ ಹೀರೆ ಬೆಳಿಗ್ಗೆನೇ. ಆದ್ರೆ ನಾವು ಸಾಂಬಾರಿಗೆ ಹಾಕೋ ಗೀರು ಗೀರಿನ ಹೀರೆ ಅರಳೋದು ಸಾಯಂಕಾಲ, ಸೋರೆಯ ಬಿಳಿ ಹೂವೂ ಸಂಜೆನೇ, ಪಡವಲ ಕತ್ತಲಾದ್ಮೇಲೆ. ಸೋರೆ ಪಡವಲಕ್ಕೆ ರಾತ್ರಿ ಓಡಾಡೋ ಪತಂಗಗಳು ಬರ್ಬೇಕು, ರಾತ್ರಿ ಇಡೀ ದೊಡ್ಡ ಲೈಟ್ ಹಾಕಿಟ್ರೆ ಅವು ಹೂವು ಬಿಟ್ಟು ಲೈಟ್ ಸುತ್ತಾನೇ ಸುತ್ತುತ್ವೆ. ಅದಕ್ಕೆ ಸೋರೆಗೆ ಕೈಯಲ್ಲಿ ಪರಾಗ ಮುಟ್ಸೋದು ದೀಪ ಹಚ್ಚೋ ಹೊತ್ತಲ್ಲಿ. ಮಡಹಾಗಲದ್ದು ಇನ್ನೊಂದು ಕಥೆ, ಅದರಲ್ಲಿ ಗಂಡು ಬಳ್ಳಿನೇ ಬೇರೆ ಹೆಣ್ಣು ಬಳ್ಳಿನೇ ಬೇರೆ, ಕಾಯಿ ಬಿಡಲ್ಲ ಅಂತ ಗಂಡು ಬಳ್ಳಿ ಕಿತ್ತು ಹಾಕಿದ್ರೆ ಉಳಿದಿದ್ದೂ ಬರೀ ಬಳ್ಳಿನೇ. ಈಗ ನರ್ಸರೀಲಿ ಜುಕಿನಿ ಸಸಿ ಸಿಗುತ್ತಲ್ಲ, ಅದೂ ಕುಂಬಳದ ಜಾತಿನೇ, ಒಂದೇ ಗಿಡ ಇಟ್ರೆ ಗಂಡು ಹೆಣ್ಣು ಒಂದೇ ದಿನ ಅರಳೋದು ಅಪರೂಪ, ಮೂರ್ನಾಲ್ಕು ಇಡಿ.

ಬಿದ್ದಿದ್ದೆಲ್ಲಾ ಪರಾಗದ ತೊಂದ್ರೆನೇ ಅಂತಾನೂ ಅನ್ಕೋಬೇಡಿ. ಹೀಚನ್ನ ಕುಯ್ದು ನೋಡಿ. ಮೇಲೆ ಸೂಜಿ ಚುಚ್ಚಿದಂಗೆ ತೂತು, ಅಂಟು, ಒಳಗೆ ಬಿಳಿ ಹುಳ ಇದ್ರೆ ಅದು ಹಣ್ಣು ನೊಣ, ಆ ಕಾಯನ್ನ ಗಿಡದ ಬುಡದಲ್ಲಿ ಬಿಡ್ದೆ ಕವರಲ್ಲಿ ಕಟ್ಟಿ ಬಿಸಾಕಿ, ಹಣ್ಣು ನೊಣ ಹಿಡಿಯೋ ಟ್ರ್ಯಾಪ್ ತಂದು ನೇತಾಕಿ, ಉಳಿದ ಹೀಚಿಗೆ ಪೇಪರ್ ಸುತ್ತಿ. ಹುಳ ಇಲ್ದೆ ಹೂವಿನ ಕಡೆಯಿಂದ ಸುಮ್ನೆ ಹಳದಿಯಾಗಿ ಸುರುಟಿದ್ರೆ ಪರಾಗ ಮುಟ್ಟಿಲ್ಲ. ಬಳ್ಳೀಲಿ ಆಗ್ಲೇ ಎರಡ್ಮೂರು ದೊಡ್ಡ ಕಾಯಿ ಕೂತಿದ್ರೆ ಆಮೇಲಿನ ಹೀಚನ್ನ ಬಳ್ಳಿ ತಾನಾಗೇ ಉದುರಿಸುತ್ತೆ, ಅದಕ್ಕೆ ಯಾವ ಮದ್ದೂ ಬೇಡ. ಸೌತೆ ಹೀರೆ ಆದ್ರೆ ಎಳೇದಿದ್ದಾಗ್ಲೇ ಕೀಳ್ತಾ ಇರಿ, ಹೊಸದು ನಿಲ್ಲುತ್ತೆ.

ಪರಾಗ ಹತ್ತಿದ್ರೆ ಎರಡ್ಮೂರು ದಿನದಲ್ಲೇ ಗೊತ್ತಾಗುತ್ತೆ, ಹೀಚು ಹಸಿರಾಗೇ ಇದ್ದು ಊದುತ್ತೆ, ತೊಟ್ಟು ಬಗ್ಗುತ್ತೆ. ಆಮೇಲೆ ಉಳಿದ ಗಂಡು ಹೂವು ಬೇಕಾದ್ರೆ ಕೀಳಿ, ಒಂದೆರಡು ಜೇನಿಗೆ ಅಂತ ಬಿಟ್ಟು, ಒಳಗಿನ ಕಡ್ಡಿ ತೆಗೆದು ಇರುವೆ ಇದ್ಯಾ ನೋಡಿ ತೊಳೆದು, ಕಡಲೆಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟು, ಓಮ ಸೇರಿಸಿ ಬಜ್ಜಿ ಮಾಡಿ.